ಹಿಕ್ಕೆ ಎಣಿಸಿ ಕಲಿತದ್ದು

ಹಿಕ್ಕೆ ನೋಡಿ ಕಾಡುಪ್ರಾಣಿ ಎಲ್ಲೆಲ್ಲಿದೆ ಅಂತ ಪತ್ತೆ ಹಚ್ಚುವ ನನ್ನ ಸಂಶೋಧನೆಯಲ್ಲಿ ಮೊದಲ ಎರಡು ತಿಂಗಳ ಲೆಕ್ಕ ಪೂರ್ತಿ ತಪ್ಪಾಗಿತ್ತು. ಕೊಂಡುಕುರಿಯ (ಜಿಂಕೆಯಂಥ, ನಾಲ್ಕು ಕೊಂಬಿನ ಪುಟ್ಟ ಪ್ರಾಣಿ) ಹಿಕ್ಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದರಲ್ಲಿ ಎಷ್ಟೋ ಆಡಿನ ಹಿಕ್ಕೆ!

ಅದು ಗೊತ್ತಾದದ್ದು ಜಗಳೂರು ಕಡೆಯ ಒಬ್ಬ ಕುರಿ ಕಾಯುವ ಅಜ್ಜನಿಂದ. ರಂಗಯ್ಯನದುರ್ಗದ ಕಾಡಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಕ್ಕೆಯನ್ನು ಕವರಿಗೆ ತುಂಬುತ್ತಿದ್ದೆ. ಅಜ್ಜ ಕೋಲಿಗೆ ಗದ್ದ ಊರಿ ಸುಮಾರು ಹೊತ್ತು ನೋಡಿದರು. "ಏನ್ ಸಾರ್, ನಮ್ ಆಡಿನ ಹಿಕ್ಕೆ ಎಲ್ಲಿಗೆ ಒಯ್ತೀರಿ? ಗೊಬ್ಬರಕ್ಕಾದ್ರೆ ಹಟ್ಟಿಗೆ ಬನ್ನಿ, ಗಾಡಿಗಟ್ಲೆ ಐತೆ" ಅಂದರು.

"ಇದು ಕೊಂಡುಕುರೀದು ಅಜ್ಜಾ."

ನಕ್ಕುಬಿಟ್ಟರು. "ಆಡು ಮೇಯ್ತಾ ಮೇಯ್ತಾ ಉದುರಿಸ್ಕೊಂಡು ಹೋಗ್ತೈತೆ. ಕೊಂಡುಕುರಿ ಹಂಗಲ್ಲ. ಮತ್ತೆ ಮತ್ತೆ ಒಂದೇ ತಾವ ಬಂದು ಗುಡ್ಡೆ ಹಾಕ್ತೈತೆ. ಬನ್ನಿ, ತೋರಿಸ್ತೀನಿ."

ಒಂದು ಪೊದೆಯ ಹಿಂದೆ ಕರೆದುಕೊಂಡು ಹೋದರು. ಕೆಳಗೆ ಬಿಸಿಲಿಗೆ ಬಿಳಚಿಕೊಂಡ ಹಳೆಯ ಹಿಕ್ಕೆ, ಮೇಲೆ ಕಪ್ಪಗೆ ಹೊಳೆಯುವ ಹೊಸದು. ಇದನ್ನೆಲ್ಲ ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ. ಕಣ್ಣಿಗೆ ಮಾತ್ರ ಇಳಿದಿರಲಿಲ್ಲ. ಹಾಗಂತ ಗುಡ್ಡೆ ಕಂಡ ಕೂಡಲೇ ಕೊಂಡುಕುರಿ ಅನ್ನೋ ಹಾಗೂ ಇಲ್ಲ. ಕೃಷ್ಣಮೃಗ, ಚಿಂಕಾರಗಳಿಗೂ ಇದೇ ಚಾಳಿ. ಬಯಲೋ ಕುರುಚಲೋ, ಹತ್ತಿರ ನೀರಿದೆಯೋ, ಗೊರಸಿನ ಗುರುತಿದೆಯೋ, ಎಲ್ಲ ಸೇರಿಸಿ ನೋಡಬೇಕು.

ಕೊಂಡುಕುರಿ ನಾಚಿಕೆಯ ಪ್ರಾಣಿ. ತೂಕ 20 ಕಿಲೋ ಆಸುಪಾಸು. ನಾಲ್ಕು ಕೊಂಬು ಗಂಡಿಗೆ ಮಾತ್ರ. ಹಾಗಾಗಿ ಹೆಣ್ಣನ್ನು ಕಂಡವರು ಜಿಂಕೆಮರಿ ಅಂದುಕೊಂಡು ಸುಮ್ನಾಗುತ್ತಾರೆ. ಇದರ ಹೆಸರಿನಲ್ಲೇ 2011ರಲ್ಲಿ ರಂಗಯ್ಯನದುರ್ಗ ವನ್ಯಧಾಮ ಆಯಿತು. 77 ಚದರ ಕಿಲೋಮೀಟರ್ ಚಿಲ್ಲರೆ, ಅಷ್ಟೇ. ದಾವಣಗೆರೆ ಪೇಟೆಯಲ್ಲಿ ಕೇಳಿ ನೋಡಿ, ನಮ್ಮ ಜಿಲ್ಲೆಯಲ್ಲಿ ಹೀಗೊಂದು ಪ್ರಾಣಿ ಇದೆ ಅಂತ ಎಷ್ಟು ಜನಕ್ಕೆ ಗೊತ್ತು?

ನಾನು ಈ ದಾರಿಗೆ ಬಂದದ್ದು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ಕೆಲಸ ಓದಿ. ಆಗೆಲ್ಲ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆಗುರುತಿನಿಂದ. ಅವರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು, ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಸಿಕ್ಕದ್ದು ಮತ್ತೆ ಎಷ್ಟು ಸಲ ಸಿಕ್ಕಿತು ಅನ್ನೋದರಿಂದ ಸಿಗದೆ ಉಳಿದವೂ ಸೇರಿ ಒಟ್ಟು ಎಷ್ಟಿರಬಹುದು ಅಂತ ಲೆಕ್ಕ ಹಾಕಿದರು. ಆ ಪ್ರಬಂಧ ಬಂದದ್ದು 1995ರಲ್ಲಿ. ಕಂಡದ್ದನ್ನು ಎಣಿಸೋದು ಸುಲಭ, ಕಾಣದ್ದನ್ನು ಲೆಕ್ಕಕ್ಕೆ ತರೋದೇ ಕಷ್ಟ ಅಂತ ನನಗೆ ತಿಳಿದದ್ದು ಅಲ್ಲಿಂದ.

ಆದರೆ ಕೊಂಡುಕುರಿಗೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಒಂದರಂತೆ ಇನ್ನೊಂದು. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಕಾಡನ್ನು ಚೌಕಗಳಾಗಿ ಮಾಡಿಕೊಂಡು ಒಂದೊಂದು ಚೌಕಕ್ಕೂ ಹಲವು ಸಲ ಹೋಗೋದು, ಗುರುತು ಸಿಕ್ಕಿತೇ ಇಲ್ಲವೇ ಅಂತ ಪ್ರತಿ ಸಲವೂ ಬರೆಯೋದು. ಮೂರು ಸಲ ಸಿಗದೆ ನಾಲ್ಕನೇ ಸಲ ಸಿಕ್ಕರೆ, ಆ ಮೂರು ಸಲ ಪ್ರಾಣಿ ಇರಲಿಲ್ಲ ಅಂತಲ್ಲ, ನನಗೆ ಕಾಣಲಿಲ್ಲ ಅಂತ. ಜತೆಗೆ ನೀರಿನ ಗುಂಡಿಗಳ ಹತ್ತಿರ ಕ್ಯಾಮೆರಾ ಕಟ್ಟಿದೆ. ಮೊದಲ ಕಾರ್ಡಿನ ತುಂಬಾ ಆಡುಗಳ ಫೋಟೋ. ಒಂದಂತೂ ಕ್ಯಾಮೆರಾ ಕಟ್ಟಿದ್ದ ಪಟ್ಟಿಯನ್ನೇ ಮೆಲ್ಲುತ್ತಾ ನಿಂತಿತ್ತು.

ಪ್ರಬಂಧ ಬರೆದಾಗ ಆ ಎರಡು ತಿಂಗಳ ತಪ್ಪನ್ನು ಮುಚ್ಚಿಟ್ಟೆ. ನಾಚಿಕೆ, ಇನ್ನೇನು? ಅಚ್ಚಿಗೆ ಮುಂಚೆ ಪ್ರಬಂಧ ಓದಿ ತೂಗುವ ವಿಮರ್ಶಕರು ವಾಪಸ್ ಕಳಿಸಿದರು. "ಇದು ಆಡಿನ ಹಿಕ್ಕೆ ಅಲ್ಲ ಅಂತ ಹೇಗೆ ಹೇಳುತ್ತೀರಿ?" ಅನ್ನೋದೇ ಮೊದಲ ಪ್ರಶ್ನೆ. ಆ ಎರಡು ತಿಂಗಳ ಮಾಹಿತಿ ಕಿತ್ತುಹಾಕಿದೆ. ಎಲ್ಲಿ ಎಡವಿದೆ, ಹೇಗೆ ತಿದ್ದಿಕೊಂಡೆ ಅಂತ ಬೇರೆಯಾಗಿ ಎರಡು ಪುಟದ ಟಿಪ್ಪಣಿ ಬರೆದೆ.

ತಮಾಷೆ ನೋಡಿ, ಬೇರೆ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಜಾಸ್ತಿ ಉಲ್ಲೇಖಿಸಿದ್ದು ಆ ಟಿಪ್ಪಣಿಯನ್ನೇ. ನಾಲ್ಕು ವರ್ಷ ಬೆವರು ಸುರಿಸಿದ ದೊಡ್ಡ ಪ್ರಬಂಧ ಹಿಂದೆ ಬಿದ್ದಿದೆ. ನಮ್ಮ ಕ್ಷೇತ್ರದಲ್ಲಿ ಎಚ್-ಇಂಡೆಕ್ಸ್ ಅಂತ ಒಂದು ಅಳತೆ. 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ಕೊಟ್ಟದ್ದು. ಕನಿಷ್ಠ ಹತ್ತತ್ತು ಸಲ ಉಲ್ಲೇಖವಾದ ಹತ್ತು ಪ್ರಬಂಧ ಇದ್ದರೆ ನಿಮ್ಮ ಅಂಕ ಹತ್ತು. ಸಂದರ್ಶನಗಳಲ್ಲಿ ಇದನ್ನೇ ಕೇಳುತ್ತಾರೆ. ಬಯಲುಸೀಮೆಯ ಒಂದು ಸಣ್ಣ ಪ್ರಾಣಿಯ ಹಿಂದೆ ಬಿದ್ದವನಿಗೆ ಇದು ಬೇಗ ಏರೋದಿಲ್ಲ. ಹುಲಿ ಅಂದರೆ ಓದುವವರು ಎಷ್ಟೋ ಜನ, ಕೊಂಡುಕುರಿ ಅಂದರೆ ಬೆರಳೆಣಿಕೆ. ಮೊದಲೆಲ್ಲ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಟಿಪ್ಪಣಿ ಅಚ್ಚಾದ ಮೇಲೆ ಒಂದು ಪ್ರತಿ ತೆಗೆದುಕೊಂಡು ಅಜ್ಜನ ಹಟ್ಟಿಗೆ ಹೋದೆ. ಕೊನೆಯಲ್ಲಿ ಕೃತಜ್ಞತೆ ಹೇಳುವ ಕಡೆ ಅವರ ಹೆಸರಿತ್ತು. ಮೊಮ್ಮಗಳು ಬೆರಳಿಟ್ಟು ಓದಿದಳು. ಅಜ್ಜ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬರೆಯಾಕೆ ಚೆನ್ನಾಗಿ ಬರ್ತೈತಲ್ಲ ಸಾರ್ ನಿಮಗೆ" ಅಂದರು. "ಮೊನ್ನೆ ಚಿರತೆ ಎರಡು ಮರಿ ಹೊತ್ಕೊಂಡು ಹೋತು. ಪರಿಹಾರಕ್ಕೆ ಅರಣ್ಯದೋರಿಗೆ ಒಂದು ಅರ್ಜಿ ಬರ್ಕೊಡ್ತೀರಾ?"

ಮೊಮ್ಮಗಳು ತನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟಳು. ಅಲ್ಲೇ ಕಂಬಳಿಯ ಮೇಲೆ ಕೂತು ಬರೆದೆ.