ಸಿಡಿಲು ಸೀಳಿದ ಗೋರಿಯ ನಕ್ಷೆ ಬಿಡಿಸಿದ್ದು

ಬೀದರ್ ಪಕ್ಕದ ಅಷ್ಟೂರಿಗೆ ಬಹಮನಿ ಸುಲ್ತಾನರ ಗೋರಿ ನೋಡಲು ಬಂದವರು ಮೊದಲು ಹೋಗುವುದು ಅಹಮದ್ ಶಾ ವಲಿಯ ಗುಮ್ಮಟಕ್ಕೆ. ಅಲ್ಲಿನ ಬಣ್ಣದ ಕೆಲಸ ಅಂಥದ್ದು. ನಾನು ನಕ್ಷೆ ಬಿಡಿಸಲು ಕೂತದ್ದು ಮಾತ್ರ ಅರ್ಧ ಮುರಿದು ನಿಂತ ಹುಮಾಯೂನ್ ಶಾನ ಗೋರಿಯ ಮುಂದೆ. ಕಟ್ಟಡ ಕಲಿಯುವವರಿಗೆ ಇಡೀ ಅಷ್ಟೂರಿನಲ್ಲಿ ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಈ ಹುಮಾಯೂನ್ ಮೊಘಲರವನಲ್ಲ, 1461ರಲ್ಲಿ ತೀರಿಹೋದ ಬಹಮನಿ ಸುಲ್ತಾನ. ಸಿಡಿಲು ಬಡಿದು ಅವನ ಗುಮ್ಮಟದ ದೊಡ್ಡ ಭಾಗ ಕುಸಿದಿದೆ. ಉಳಿದ ಭಾಗ ಕೊಯ್ದಿಟ್ಟ ಹಣ್ಣಿನ ಹೋಳಿನಂತೆ ಒಳಗಿನದನ್ನೆಲ್ಲ ತೋರಿಸುತ್ತದೆ. ಕೆಳಗೆ ಚೌಕ ಕೋಣೆ. ಮೇಲೆ ಹೋದಂತೆ ನಾಲ್ಕು ಮೂಲೆಗೂ ಅಡ್ಡ ಕಮಾನು ಹಾಕಿ ಚೌಕವನ್ನು ಎಂಟು ಮೂಲೆ ಮಾಡಿದ್ದಾರೆ. ದುಂಡು ಗುಮ್ಮಟ ಕೂತಿದ್ದು ಅದರ ಮೇಲೆ. ಗುಮ್ಮಟದ ಭಾರ ಗೋಡೆಗೆ ಇಳಿಯುವುದು ಈ ಮೂಲೆ ಕಮಾನುಗಳಿಂದ. ಹಾಗಾಗಿ ಜಾಸ್ತಿ ಹೊತ್ತು ಅವುಗಳಿಗೇ ಕೊಟ್ಟೆ.

ಮೊದಲು ದೂರ ಕೂತು ಬರಿಗಣ್ಣಿನಲ್ಲೇ ಆಕಾರ ಗೀಚಿದೆ. ಆಮೇಲೆ ತಳಕ್ಕೆ ಟೇಪು, ಎತ್ತರಕ್ಕೆ ಲೇಸರ್ ಮೀಟರ್. ಮುರಿದ ಅಂಚಿನ ಮೇಲೆ ಹತ್ತಲಿಲ್ಲ, ಹತ್ತಲೂಬಾರದು.

ಜನ ಹುಮಾಯೂನ್ ಶಾನನ್ನು 'ಜಾಲಿಮ್' ಎನ್ನುತ್ತಾರೆ. ಕ್ರೂರಿಯ ಗೋರಿಗೆ ದೇವರೇ ಸಿಡಿಲು ಹೊಡೆದ ಎನ್ನುವುದು ಇಲ್ಲಿನ ಮಾತು. ಅವನ ಕ್ರೌರ್ಯವನ್ನು ವಿವರವಾಗಿ ಬರೆದ ಇತಿಹಾಸಕಾರ ಫರಿಶ್ತಾ ಸುಮಾರು ಒಂದೂವರೆ ಶತಮಾನದ ನಂತರದವನು. ಅದನ್ನು ಪೂರ್ತಿ ನಂಬಲು ನನಗೆ ಮನಸ್ಸಿಲ್ಲ. ಆದರೂ ಜನರ ಮಾತನ್ನು ನಕ್ಷೆಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಅದೂ ಈ ಗೋರಿಗೆ ಸೇರಿದ್ದೇ ಅಲ್ವಾ?

ಅದಾದ ಮೇಲೆ ಅಹಮದ್ ಶಾನ ಗುಮ್ಮಟದೊಳಗೆ ಹೋದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು, ಸತ್ತಿದ್ದು 1436ರಲ್ಲಿ. ಒಳಗೆ ಕತ್ತಲು. ಕಾವಲಿನವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದರು. ಕೆಂಪು, ಬಂಗಾರ, ಹೂಬಳ್ಳಿ, ಸಾಲುಸಾಲು ಅರಬ್ಬಿ ಬರಹ. ಆ ಬಣ್ಣದ ಹಿಂದೆ ಅದೇ ಚೌಕ, ಅದೇ ಮೂಲೆ ಕಮಾನು ತಕ್ಷಣ ಕಣ್ಣಿಗೆ ಬಿದ್ದವು. ಮುರಿದದ್ದನ್ನು ಮೊದಲು ನೋಡಿದ್ದರ ಲಾಭ ಇದು.

ಲಿಂಗಾಯತರಲ್ಲಿ ಅನೇಕರು ಅಹಮದ್ ಶಾನನ್ನು ಅಲ್ಲಮಪ್ರಭು ಎಂದೇ ನಂಬುತ್ತಾರೆ. ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಮಾಡ್ಯಾಳದ ಜಂಗಮರು ಬಂದು ಶಂಖ ಊದುತ್ತಾರೆ. ಆ ದಿನಗಳಲ್ಲಿ ನಾನು ಟೇಪು ತೆಗೆಯುವುದಿಲ್ಲ. ಜನ ಎಲ್ಲಿಂದ ಒಳಗೆ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದಷ್ಟೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.