ಸತ್ತವರ ಮತ ಎಣಿಸುವ ದೃಶ್ಯ

ನಮ್ಮ ಚಿತ್ರದಲ್ಲಿ ಒಂದು ಉಗುರಿನ ದೃಶ್ಯವಿದೆ. ತೆರೆಯ ಮೇಲೆ ಅದು ನಿಲ್ಲುವುದು ನಾಲ್ಕೇ ಸೆಕೆಂಡು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವನೊಬ್ಬ ಮತಗಟ್ಟೆಯ ಮೇಜಿನ ಮುಂದೆ ನಿಂತು, ನೀರು ತೊಟ್ಟಿಕ್ಕುತ್ತಿರುವ ಎಡಗೈಯನ್ನು ಚಾಚುತ್ತಾನೆ. ಶಾಯಿ ಹಚ್ಚಬೇಕಾದ ಸಿಬ್ಬಂದಿ ಆ ತೋರುಬೆರಳನ್ನು ಬೆಳಕಿಗೆ ಹಿಡಿದರೆ ಅಲ್ಲಿ ಮೊದಲೇ ಒಂದು ಕಪ್ಪು ಗೆರೆ ಇದೆ. ಈ ಶಾಯಿ 1962ರ ಚುನಾವಣೆಯಿಂದ ಮೈಸೂರಿನಲ್ಲಿ ತಯಾರಾಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಉಗುರಿಗೆ ಹಿಡಿದುಕೊಂಡಿತೆಂದರೆ ತೊಳೆದು ತೆಗೆಯಲು ಬರುವುದಿಲ್ಲ, ಉಗುರು ಬೆಳೆಯುತ್ತಾ ಗುರುತನ್ನು ತುದಿಗೆ ತಳ್ಳಿದ ಮೇಲೆಯೇ ಅದು ಹೋಗುವುದು. ಸತ್ತವನ ಉಗುರು ಬೆಳೆಯುವುದಿಲ್ಲ. ಬದುಕಿದ್ದಾಗ ಕೊನೆಯ ಬಾರಿ ಹಾಕಿದ ಮತದ ಗುರುತನ್ನು ಅವನು ಹಾಗೆಯೇ ಇಟ್ಟುಕೊಂಡು ಬಂದಿದ್ದಾನೆ.

ಇಡೀ ಚಿತ್ರ ಹುಟ್ಟಿದ್ದು ಈ ಉಗುರಿನಿಂದ. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಸೂಪಾ ಎಂಬ ತಾಲೂಕು ಕೇಂದ್ರವೇ ಮುಳುಗಿತು. ಆ ತಾಲೂಕನ್ನು ನಾವು ಈಗ ಜೋಯಿಡಾ ಎಂದು ಕರೆಯುತ್ತೇವೆ. ಕಾರವಾರದ ದಂಡೆಯಲ್ಲಿ ನೌಕಾನೆಲೆಗಾಗಿ ಎದ್ದುಹೋದ ಊರುಗಳ ಜನ ನನ್ನ ಶಾಲೆಯಲ್ಲಿ, ನನ್ನ ಬೀದಿಯಲ್ಲಿ ಇದ್ದರು. ಹೀಗೆ ಎದ್ದುಬಂದ ಮನೆಗಳಲ್ಲಿ ಅಜ್ಜ ತೀರಿಕೊಂಡರೂ ಪರಿಹಾರದ ಕಡತ ತೀರಿಕೊಳ್ಳುವುದಿಲ್ಲ, ಅದು ಮಗನ ಟ್ರಂಕಿಗೆ ಹೋಗುತ್ತದೆ. ನಾನು ಬರೆದ ಕಥೆಯಲ್ಲಿ, ಕಾಯುತ್ತಲೇ ಸತ್ತವರೆಲ್ಲ ಚುನಾವಣೆಯ ಹಿಂದಿನ ರಾತ್ರಿ ಹಿನ್ನೀರಿನಿಂದ ಎದ್ದು ಬಂದು, ಹೆಸರು ತೆಗೆಸಲು ಯಾರೂ ಅರ್ಜಿ ಕೊಡದ ಕಾರಣ ಇನ್ನೂ ಮತದಾರರ ಪಟ್ಟಿಯಲ್ಲೇ ಉಳಿದ ತಮ್ಮ ಹೆಸರನ್ನು ಹುಡುಕುತ್ತಾ ಸಾಲಿನಲ್ಲಿ ನಿಲ್ಲುತ್ತಾರೆ. ಅವರು ಯಾರ ಕುತ್ತಿಗೆಯನ್ನೂ ಹಿಸುಕಲು ಬಂದವರಲ್ಲ. ಕಂಡವರೆಲ್ಲ ಓಡುತ್ತಾರೆ, ಅಭ್ಯರ್ಥಿಯೊಬ್ಬ ಮಾತ್ರ ಓಡುವುದಿಲ್ಲ. ಅವನು ಅಂಗಳದಲ್ಲಿ ನಿಂತು, ಸಾಲನ್ನು ಬೆರಳು ಮಾಡಿ ಎಣಿಸಲು ತೊಡಗುತ್ತಾನೆ.

ನಾನು ಹೇಳಬೇಕೆಂದಿದ್ದ ರಾಜಕೀಯವೆಲ್ಲ ಆ ಎಣಿಕೆಯಲ್ಲಿತ್ತು. ಚಿತ್ರದಲ್ಲಿ ನಾವು ಹೆಚ್ಚು ಬೆಲೆ ತೆತ್ತದ್ದೂ ಅದಕ್ಕೇ.

ಭಯವನ್ನೂ ವಿಡಂಬನೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವುದನ್ನು ನಾನು ಸಿನಿಮಾದಿಂದ ಮೊದಲು ಕಲಿಯಲಿಲ್ಲ. ಅಂಕೋಲೆಯ ಕಡೆ ಸುಗ್ಗಿಯ ದಿನಗಳಲ್ಲಿ ಹಗರಣ ಕಟ್ಟುತ್ತಾರೆ. ಪತ್ರಿಕೆ ಓದುವವರಿಗೆ ಹಗರಣವೆಂದರೆ ಹಣ ನುಂಗಿದ ಸುದ್ದಿ. ನಮಗೆ ಅದು ವೇಷ, ಅಣಕ. ಆ ವರ್ಷ ಊರಿನಲ್ಲಿ ನಡೆದದ್ದನ್ನು ಊರಿನ ಎದುರಿಗೇ ಆಡಿ ತೋರಿಸುವ ಹಕ್ಕು. ಮಾತಿನ ಹಳೆಯ ಅರ್ಥವೂ ಅದೇ. ಶಿರಸಿಯಲ್ಲಿ ಹೋಳಿಯ ಹೊತ್ತಿಗೆ ಬರುವ ಬೇಡರ ವೇಷದಲ್ಲಿ ನಗು ಕಡಿಮೆ, ಭಯವೇ ಹೆಚ್ಚು. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು ತಮಟೆಯ ಪೆಟ್ಟಿಗೆ ನುಗ್ಗುವ ಅವನನ್ನು ಹಿಂದಿನಿಂದ ಹಗ್ಗ ಹಾಕಿ ಹಿಡಿದಿರುತ್ತಾರೆ. ಊರನ್ನು ಕಾಯಲೆಂದು ನೇಮಕವಾದವನೇ ಊರಿನ ಹೆಣ್ಣುಮಕ್ಕಳಿಗೆ ಕಂಟಕನಾದ, ಅವನನ್ನು ತಡೆಯಲು ಒಬ್ಬ ಹುಡುಗಿ ತನ್ನ ಬದುಕನ್ನೇ ತೆತ್ತಳು ಎಂಬುದು ಅದರ ಹಿಂದಿನ ಕಥೆ. ಕಾಯುವವನೇ ಕಾಡುವವನಾಗುವ ಭಯವನ್ನು ನಮ್ಮ ಜನ ತಲೆಮಾರುಗಳಿಂದ ಬೀದಿಯಲ್ಲಿ ನಿಂತು ನೋಡಿದ್ದಾರೆ, ಅದಕ್ಕೆ ಯಾರ ಪ್ರಮಾಣಪತ್ರವನ್ನೂ ಕೇಳಿಲ್ಲ.

ಸಿನಿಮಾದಲ್ಲಿ ನನ್ನ ಕಣ್ಣು ತೆರೆಸಿದ್ದು 1954ರ ಜಪಾನಿ ಚಿತ್ರ ಗೊಜಿರಾ (ಗಾಡ್ಜಿಲ್ಲಾ), ಸಮುದ್ರದಿಂದ ಎದ್ದುಬರುವ ದೈತ್ಯ ಪ್ರಾಣಿಯೊಂದರ ಕಥೆ. ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ 23 ಮೀನುಗಾರರಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿದ್ದಿತ್ತು. ಚಿತ್ರವೂ ಸಮುದ್ರದಲ್ಲಿ ನಾಶವಾಗುವ ದೋಣಿಯಿಂದಲೇ ಶುರುವಾಗುತ್ತದೆ. 1956ರಲ್ಲಿ ಅದನ್ನು ಅಮೆರಿಕದ ಪ್ರೇಕ್ಷಕರಿಗೆಂದು ಬಿಡುಗಡೆ ಮಾಡಿದಾಗ ಅಮೆರಿಕನ್ ಪತ್ರಕರ್ತನ ಪಾತ್ರವೊಂದನ್ನು ಹೊಸದಾಗಿ ಚಿತ್ರಿಸಿ ಸೇರಿಸಿದರು, ಅಣುಬಾಂಬಿನ ಬಗೆಗಿನ ಮಾತುಗಳಲ್ಲಿ ಬಹಳಷ್ಟನ್ನು ಕೈಬಿಟ್ಟರು. ಪ್ರಾಣಿ ಉಳಿಯಿತು, ಪ್ರಾಣಿ ಏಕೆ ಎದ್ದಿತು ಎಂಬುದು ಮಸುಕಾಯಿತು. ಎರಡು ಆವೃತ್ತಿಗಳನ್ನೂ ನಾನು ಕಾರವಾರದ ಬಾಡಿಗೆ ಕೋಣೆಯಲ್ಲಿ ಕುಳಿತು ಒಂದರ ಹಿಂದೆ ಒಂದು ನೋಡಿದೆ. ಅಣುವಿದ್ಯುತ್ ಸ್ಥಾವರವಿರುವ ಕೈಗಾ ಅಲ್ಲಿಂದ ದೂರವಿಲ್ಲ. 1989ರಲ್ಲಿ ಶಿವರಾಮ ಕಾರಂತರು ಆ ಸ್ಥಾವರವನ್ನು ವಿರೋಧಿಸಿ ನಮ್ಮ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದ್ದರು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ ಅದರ ಗುಮ್ಮಟದ ಒಳಭಾಗ ಕುಸಿದಿತ್ತು. ದೆವ್ವವನ್ನು ಬಿಟ್ಟು ಅದರ ಕಾರಣವನ್ನು ಕತ್ತರಿಸುವ ಕತ್ತರಿ ಯಾವುದೆಂದು ಆ ರಾತ್ರಿ ನನಗೆ ಸ್ಪಷ್ಟವಾಯಿತು. ನನ್ನ ಚಿತ್ರಕ್ಕೂ ಅದೇ ಬರುತ್ತದೆಂದು ಮಾತ್ರ ಆಗ ಎಣಿಸಿರಲಿಲ್ಲ.

ಕತ್ತರಿ ಮೊದಲು ಬಂದದ್ದು ಸರ್ಕಾರದಿಂದಲ್ಲ. ಹಣ ಹಾಕಲು ಒಪ್ಪಿದ್ದವರೊಬ್ಬರು ಚಿತ್ರಕಥೆ ಓದಿ, ಕಥೆಯನ್ನು ಹೆಸರಿಲ್ಲದ ಒಂದು ರಾಜ್ಯಕ್ಕೆ ಒಯ್ಯೋಣ, ಅಣೆಕಟ್ಟಿನ ಬದಲು ಶಾಪಗ್ರಸ್ತ ಕೆರೆಯಿರಲಿ, ಅಭ್ಯರ್ಥಿಯ ಬದಲು ಜಮೀನ್ದಾರನಿರಲಿ ಎಂದರು. ಒಂದೊಂದಾಗಿ ಕೇಳಿದರೆ ಯಾವ ಸಲಹೆಯೂ ದೊಡ್ಡದಲ್ಲ. ಮೂರನ್ನೂ ಒಪ್ಪಿದ್ದರೆ ಸತ್ತವರು ಸಾಲಿನಲ್ಲಿ ನಿಲ್ಲುವುದಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ. ಹೆದರಿಸುವ ಚಿತ್ರದಲ್ಲಿ ವಿಡಂಬನೆ ನಿಲ್ಲುವುದು ನೋಡುವವನಿಗೆ ಗುರುತು ಹತ್ತಿದಾಗ. ಮೇಜಿನ ಮೇಲಿನ ಸೀಲು, ಬಾಗಿಲಿನ ಪಕ್ಕದ ನೀರಿನ ಕೊಡ, ಶಾಲೆಯ ಗೋಡೆಗೆ ಅಂಟಿಸಿದ ಮತಗಟ್ಟೆಯ ಸಂಖ್ಯೆ ಇವೆಲ್ಲ ಅವನು ನಿನ್ನೆ ಕಂಡವೇ ಆಗಿರಬೇಕು. ನಿಲ್ಲಬಾರದವನು ನಿಂತಿರುವುದಷ್ಟೇ ಹೊಸತಾಗಬೇಕು. ಆ ಹಣ ನಮಗೆ ಬರಲಿಲ್ಲ. ನಾವು ಸ್ನೇಹಿತರು ಸೇರಿ ಸಾಲ ಎತ್ತಿದೆವು.

ಚಿತ್ರೀಕರಣದ ಬಗ್ಗೆ ಹೆಚ್ಚು ಬರೆಯಲಾರೆ, ಬಣ್ಣದ ವಿಷಯವೊಂದನ್ನು ಮಾತ್ರ ಹೇಳಬೇಕು. ಮುಳುಗಿದವರ ಮುಖಕ್ಕೆ ರಬ್ಬರಿನ ಮುಖವಾಡ ತರಿಸುವ ಶಕ್ತಿ ನಮಗಿರಲಿಲ್ಲ. ಹೊನ್ನಾವರದ ಕಡೆಯ ಹಿರಿಯ ಯಕ್ಷಗಾನ ಕಲಾವಿದರೊಬ್ಬರು, ರಾಕ್ಷಸ ವೇಷದ ಮುಖಕ್ಕೆ ಇಡುವ ಚಿಟ್ಟಿಯನ್ನೇ ಇಡೋಣ ಎಂದರು. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿ ಏರಿಸುತ್ತಾ ಹೋದರೆ ಒಂದು ಮುಖಕ್ಕೆ ಮೂರು ತಾಸು ಹಿಡಿಯುತ್ತಿತ್ತು. ಹಿನ್ನೀರು ಇಳಿದಾಗ ಕಾಣುವ ಮರದ ಬೊಡ್ಡೆಗಳ ಮೇಲಿನ ಒಣಕೆಸರಿನ ಹಾಗೆ ಅದು ಕಾಣಬೇಕಿತ್ತು. ನಾನು ಅವಸರ ಮಾಡಿದಾಗಲೆಲ್ಲ ಅವರು, "ಒಣಗೂಕೆ ಬಿಡು ತಮಾ, ಒಣಗಿ ಬಿರಿದ್ರೇ ಅದು ಮುಖ" ಎನ್ನುತ್ತಿದ್ದರು. ಒಣಗಿ ಬಿರಿದ ಆ ಚುಕ್ಕಿಗಳ ನಡುವೆ ನಟನ ಕಣ್ಣು ಮಾತ್ರ ಒದ್ದೆಯಾಗಿರುವುದನ್ನು ಕ್ಯಾಮೆರಾದಲ್ಲಿ ಕಂಡಾಗ, ರಕ್ತದ ಬಾಟಲಿಗಳಲ್ಲಿ ಅರ್ಧವನ್ನು ನಾನೇ ಪೆಟ್ಟಿಗೆಗೆ ಮರಳಿಸಿದೆ.

ಚಿತ್ರಮಂದಿರದಲ್ಲಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು. ಹೀಗೆ ಮೊದಲೇ ಪರಿಶೀಲಿಸುವುದು ಸಂವಿಧಾನಕ್ಕೆ ಒಪ್ಪುವಂಥದ್ದೇ ಎಂದು ಸರ್ವೋಚ್ಚ ನ್ಯಾಯಾಲಯ 1970ರಲ್ಲಿ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸರ ಪ್ರಕರಣದಲ್ಲಿ ಹೇಳಿದ ಮೇಲೆ ಆ ಪ್ರಶ್ನೆ ಬಹುಮಟ್ಟಿಗೆ ಮುಗಿದಿದೆ. ಉಳಿದಿರುವುದು ಎಲ್ಲಿ, ಎಷ್ಟು ಎಂಬ ಜಗ್ಗಾಟ. ನಮ್ಮ ಚಿತ್ರ ನೋಡಿದ ಸೆನ್ಸಾರ್ ಮಂಡಳಿಯ ಸಮಿತಿಯವರು ಸೌಜನ್ಯದಿಂದಲೇ ಮಾತನಾಡಿಸಿದರು. ಅವರು ಕೊಟ್ಟ ಪಟ್ಟಿಯಲ್ಲಿ ಆರು ಅಂಶಗಳಿದ್ದವು. ಕನಸಿನಲ್ಲಿ ಬರುವ ಒಂದು ಕೊಲೆಯನ್ನು ಅರ್ಧಕ್ಕೆ ಇಳಿಸಬೇಕಿತ್ತು, ಅದಕ್ಕೆ ನನ್ನ ತಕರಾರಿರಲಿಲ್ಲ. ಎಮ್ಮೆಯೊಂದು ಹಿನ್ನೀರಿಗೆ ಇಳಿಯುವ ದೃಶ್ಯಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪತ್ರ ಬೇಕಿತ್ತು. ನಾವು ಮೊದಲೇ ಅನುಮತಿ ಪಡೆದಿರಲಿಲ್ಲ, ತಪ್ಪು ನಮ್ಮದೇ, ಆ ದೃಶ್ಯ ಹೋಯಿತು. ಸತ್ತವನ ಕೈಯಲ್ಲಿದ್ದ ಸರ್ಕಾರಿ ಲಕೋಟೆಯ ಮೇಲೆ ನಾಲ್ಕು ಸಿಂಹದ ಲಾಂಛನವಿತ್ತು. 1950ರ ಲಾಂಛನ ಕಾಯ್ದೆಗೆ ವಿರುದ್ಧವಾಗಿ ರಾಷ್ಟ್ರಲಾಂಛನ ತೋರಿಸಬಾರದೆಂದು ಮಾರ್ಗಸೂಚಿಯಲ್ಲೇ ಇದೆ, ಹಾಗಾಗಿ ಅದನ್ನು ಮಸುಕು ಮಾಡಿದೆವು. "ಮಂತ್ರಿ" ಎಂಬ ಮಾತಿನ ಜಾಗದಲ್ಲಿ "ಮುಖಂಡ" ಬಂತು.

ಐದನೆಯದು ಅಭ್ಯರ್ಥಿಯ ಹೆಗಲ ಮೇಲಿನ ಶಾಲಿನ ಬಣ್ಣ. ಅದು ಒಂದು ಪಕ್ಷವನ್ನು ನೆನಪಿಸುತ್ತದೆ ಎಂದರು. ನಮ್ಮ ನಾಡಿನಲ್ಲಿ ಯಾವ ಬಣ್ಣ ಹೊದೆಸಿದರೂ ಯಾವುದಾದರೊಂದು ಪಕ್ಷ ನೆನಪಾಗುತ್ತದೆ. ಆದರೂ ನಾನು ಒಪ್ಪಿಕೊಂಡೆ, ಸಂಕಲನದ ಕೋಣೆಯಲ್ಲಿ ಅದನ್ನು ಬೂದಿ ಬಣ್ಣಕ್ಕೆ ತಿರುಗಿಸಿದೆವು. ಆ ಒಪ್ಪಿಗೆಯ ಬಗ್ಗೆ ನನಗೆ ಇಂದಿಗೂ ನೋವಿದೆ. ಬೂದಿ ಬಣ್ಣದ ಶಾಲು ಹೊದ್ದವನನ್ನು ಯಾರೂ ಎಲ್ಲಿಯೂ ಕಂಡಿಲ್ಲ. ಅವನು ವೇದಿಕೆ ಏರಿದಾಗ ನೋಡುವವರ ಮೈಯಲ್ಲಿ ಆಗಬೇಕಾದ ಸಣ್ಣ ಬಿಗಿತ ಆಗುವುದಿಲ್ಲ. ಬಣ್ಣಕ್ಕಾಗಿ ಜಗಳವಾಡುವುದು ಸಣ್ಣತನವೆಂದು ಆಗ ಅನಿಸಿತ್ತು.

ಆರನೆಯದು ಎಣಿಕೆಯ ದೃಶ್ಯ. ಚುನಾವಣಾ ವ್ಯವಸ್ಥೆಯ ಮೇಲೆ ಅಪನಂಬಿಕೆ ಹುಟ್ಟಿಸುತ್ತದೆ, ಪೂರ್ತಿ ತೆಗೆಯಿರಿ ಎಂದರು. ನಾನು ಒಪ್ಪಲಿಲ್ಲ. ಮರುಪರಿಶೀಲನಾ ಸಮಿತಿಗೆ ಹೋದೆವು. ಮೊದಲಾಗಿದ್ದರೆ ಅದರ ಮೇಲೆ ಮೇಲ್ಮನವಿ ನ್ಯಾಯಮಂಡಳಿ ಇರುತ್ತಿತ್ತು, 2021ರಲ್ಲಿ ಅದನ್ನು ರದ್ದು ಮಾಡಿದ ಮೇಲೆ ನಮ್ಮಂಥ ಚಿಕ್ಕವರಿಗೂ ಮುಂದಿನ ಮೆಟ್ಟಿಲು ಹೈಕೋರ್ಟೇ. ವಕೀಲರ ಖರ್ಚು ಭರಿಸುವ ಸ್ಥಿತಿ ನಮಗಿರಲಿಲ್ಲ, ಆದ್ದರಿಂದ ಹೇಳಬೇಕಾದದ್ದನ್ನೆಲ್ಲ ಇಲ್ಲಿಯೇ ಹೇಳಿ ಮುಗಿಸಬೇಕಿತ್ತು. ಒಂಬತ್ತು ಪುಟದ ಪತ್ರವನ್ನು ನಾನೇ ಬರೆದೆ. 1991ರ ಮಾರ್ಗಸೂಚಿಯಲ್ಲಿ, ಚಿತ್ರವನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟು ಪರಿಣಾಮದಿಂದ ಅಳೆಯಬೇಕು ಎಂದಿರುವುದನ್ನು ಎತ್ತಿಕೊಂಡೆ. ಅಭಿವ್ಯಕ್ತಿಗೂ ಅದರಿಂದ ಆಗಬಹುದಾದ ಅಪಾಯಕ್ಕೂ ಮದ್ದಿನ ಪೀಪಾಯಿಯಲ್ಲಿ ಬಿದ್ದ ಕಿಡಿಯಷ್ಟು ಹತ್ತಿರದ ಸಂಬಂಧವಿರಬೇಕು ಎಂದು ರಂಗರಾಜನ್ ಪ್ರಕರಣದಲ್ಲಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು ಸೇರಿಸಿದೆ. ಇವೆರಡಕ್ಕಿಂತ ಹೆಚ್ಚು ಜಾಗ ಕೊಟ್ಟದ್ದು ಉಗುರಿಗೆ. ಈ ಚಿತ್ರದಲ್ಲಿ ಮತಪೆಟ್ಟಿಗೆಯನ್ನು ಯಾರೂ ಅಪಹರಿಸುವುದಿಲ್ಲ, ಯಾರೂ ಎರಡು ಬಾರಿ ಮತ ಹಾಕುವುದಿಲ್ಲ. ಹಳೆಯ ಗುರುತು ಕಂಡ ಸಿಬ್ಬಂದಿ ಸತ್ತವನನ್ನು ಮರಳಿ ಕಳಿಸುತ್ತಾನೆ, ಸತ್ತವನು ಮರುಮಾತಾಡದೆ ಹೋಗುತ್ತಾನೆ. ಮತದ ಮೇಲೆ ಇವರಿಗಿರುವಷ್ಟು ನಂಬಿಕೆ ಚಿತ್ರದಲ್ಲಿ ಬೇರೆ ಯಾರಿಗೂ ಇಲ್ಲ. ನಂಬಿಕೆ ಕೆಟ್ಟಿರುವುದು ಎಣಿಸುವವನಲ್ಲಿ. ಅವನನ್ನು ತೆಗೆದರೆ ಉಳಿಯುವುದು ಬರಿಯ ದೆವ್ವಗಳ ಸಾಲು, ಆಗ ಜನ ಹೆದರಬೇಕಾದದ್ದು ತಮ್ಮದೇ ಸತ್ತವರಿಗೆ ಎಂದಾಗುತ್ತದೆ ಎಂದು ಬರೆದೆ.

ದೃಶ್ಯ ಉಳಿಯಿತು, ಕೊನೆಯ ನಲವತ್ತು ಸೆಕೆಂಡು ಹೋಯಿತು. ಎಣಿಕೆ ಮುಗಿಸಿ ಅವನು ನಗುವುದು ಆ ನಲವತ್ತು ಸೆಕೆಂಡಿನಲ್ಲಿತ್ತು. ನಾಲ್ಕು ತಿಂಗಳು ಕಳೆದು ಪ್ರಮಾಣಪತ್ರ ಕೈಗೆ ಬಂದಾಗ ಮಳೆಗಾಲ ಹಿಡಿದಿತ್ತು, ಮೊದಲು ಮಾತಾಗಿದ್ದ ಚಿತ್ರಮಂದಿರಗಳಲ್ಲಿ ಬೇರೆ ಚಿತ್ರಗಳು ಓಡುತ್ತಿದ್ದವು. ಸಾಲದ ಬಡ್ಡಿ ಮಾತ್ರ ನಿಂತಿರಲಿಲ್ಲ. ಈಗ ಇದೇ ದಾರಿಯಲ್ಲಿ ಹೊರಟವರಿಗೆ ನಾನು ಹೇಳುವುದು ಇಷ್ಟು: ಬಿಟ್ಟುಕೊಡಲಾಗದ ದೃಶ್ಯ ಯಾವುದೆಂದು ಚಿತ್ರೀಕರಣಕ್ಕೆ ಮೊದಲೇ ಬರೆದಿಡಿ, ಅದು ಬೇರೆ ದೃಶ್ಯಗಳ ಕಾರಣಕ್ಕೆ ನಿಂತಿರುವಂತೆ ಕಥೆಯನ್ನು ಹೆಣೆಯಿರಿ, ಲಾಂಛನ ಪ್ರಾಣಿಗಳಂಥ ಕಾಗದದ ವಿಷಯಗಳಲ್ಲಿ ಒಂದು ಲೋಪವನ್ನೂ ಉಳಿಸಬೇಡಿ, ಮತ್ತು ಪಟ್ಟಿ ಬಂದ ದಿನವೇ ಯಾವುದಕ್ಕೂ ಸಹಿ ಹಾಕಬೇಡಿ. ನಾನು ಶಾಲಿಗೆ ಸಹಿ ಹಾಕಿದ್ದು ಆ ದಿನವೇ.

ಮಳೆ ಬಿಟ್ಟ ಮೇಲೆ, ಸೂಪಾದಿಂದ ಎದ್ದುಬಂದ ಅನೇಕ ಕುಟುಂಬಗಳು ನೆಲೆಸಿರುವ ಜೋಯಿಡಾ ತಾಲೂಕಿನ ರಾಮನಗರದಲ್ಲಿ ಒಂದು ಸಭಾಭವನ ಹಿಡಿದು ಚಿತ್ರ ತೋರಿಸಿದೆವು. ಮುಗಿದಾಗ ದೀಪ ಹಾಕಿದರೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ಹತ್ತಿರ ಕರೆದು, ಆ ಸಾಲಿನಲ್ಲಿ ನಿಂತವರೆಲ್ಲ ಗಂಡಸರೇ ಯಾಕೆ ಎಂದು ಕೇಳಿದರು. ಪರಿಹಾರದ ಕಡತಗಳೆಲ್ಲ ಗಂಡಸರ ಹೆಸರಿನಲ್ಲಿದ್ದವು, ಹಾಗಾಗಿ ಹಾಗೆ ಬರೆದೆ ಎಂದೆ. "ಕಡತ ಅವರ ಹೆಸರಲ್ಲಿತ್ತು, ಮನೆ ಬಿಟ್ಟು ಬಂದದ್ದು ನಾವೂ ಅಲ್ಲವೇನೋ" ಎಂದು ಅವರು ತಮ್ಮ ಎಡಗೈಯನ್ನು ನನ್ನ ಮುಂದೆ ಹಿಡಿದರು. ಚಿತ್ರಕಥೆ ಓದಿದವರಲ್ಲಾಗಲಿ, ಎರಡು ಸಮಿತಿಗಳಲ್ಲಾಗಲಿ ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಪಕ್ಕದ ಕುರ್ಚಿ ಎಳೆದು ಕುಳಿತು, ಮನೆ ಬಿಟ್ಟ ದಿನ ಏನೇನು ಹೊತ್ತು ತಂದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡೆ.