ಒಂದೇ ಆಟ, ನಾಲ್ಕು ಟಿವಿ: ಗೇಮ್ ಅಂಗಡಿಯಲ್ಲಿ ನಾನು ಹೋಲಿಸಿ ನೋಡಿದ್ದು

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಗೇಮ್ ಅಂಗಡಿ. ಕಾಲೇಜು ಹುಡುಗರು ಬಂದು ತಾಸಿನ ಲೆಕ್ಕದಲ್ಲಿ ಆಡಿ ಹೋಗುತ್ತಾರೆ. ಅವರಿಂದ ಪದೇ ಪದೇ ಕೇಳುವ ಮಾತು ಒಂದೇ: "ಅಣ್ಣಾ, ನಮ್ಮ ಮನ್ಯಾಗೂ ಇದೇ ಪಿಎಸ್4 ಅದ, ಆದ್ರ ಚಿತ್ರ ಹಿಂಗ ಬರಂಗಿಲ್ಲ. ಯಾಕ್ರಿ?" ಪಿಎಸ್ ಎಂದರೆ ಸೋನಿಯ ಪ್ಲೇಸ್ಟೇಷನ್, ಟಿವಿಗೆ ಹಚ್ಚಿ ಆಡುವ ಮಷೀನು. ಮಷೀನು ಅದೇ, ಡಿಸ್ಕೂ ಅದೇ. ಬೇರೆಯಾಗಿರುವುದು ಟಿವಿ, ಅದಕ್ಕಿಂತ ಹೆಚ್ಚಾಗಿ ಟಿವಿಯ ಮೆನು. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಮನೆಯಲ್ಲಿರುವ ಮಷೀನಿಗೂ ಟಿವಿಗೂ ಹೊಂದಾಣಿಕೆ ಮಾಡಿಸಿ ಎನ್ನುತ್ತೇನೆ ನಾನು.

ಅಂಗಡಿಯಲ್ಲಿ ಮೂರು ಟಿವಿ ಇವೆ: 21 ಇಂಚಿನ ಹಳೆಯ ಡಬ್ಬಾ ಟಿವಿ, 32 ಇಂಚಿನ ಎಚ್‌ಡಿ ರೆಡಿ ಎಲ್‌ಇಡಿ, 43 ಇಂಚಿನ ಕಡಿಮೆ ಬೆಲೆಯ 4ಕೆ. ನಾಲ್ಕನೆಯದು ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲ, ಅಂದರೆ 120 ಹರ್ಟ್ಸ್‌ನ 55 ಇಂಚಿನದು, ಅದು ನಮ್ಮ ಮಾವನ ಮನೆಯದು. ಹೋಲಿಸುವಾಗ ಆಟದ ಅದೇ ಜಾಗ, ಅದೇ ಕೇಬಲ್ ಇಟ್ಟುಕೊಂಡು ಒಮ್ಮೆಗೆ ಒಂದನ್ನೇ ಬದಲಿಸುತ್ತೇನೆ. ಅದೂ ಕತ್ತಲಾದ ಮೇಲೆ, ಷಟರ್ ಎಳೆದು. ನಮ್ಮೂರಿನ ಮೇ ತಿಂಗಳ ಮಧ್ಯಾಹ್ನದ ಬೆಳಕಿನಲ್ಲಿ ಯಾವ ಪರದೆಯ ಕಪ್ಪೂ ಕಪ್ಪಾಗಿ ಕಾಣುವುದಿಲ್ಲ.

ಪಿಎಸ್2ರಿಂದ ಶುರು ಮಾಡುತ್ತೇನೆ, ಯಾಕೆಂದರೆ ಜನ ಬೈಯುವುದು ಅದಕ್ಕೇ. 2000ದಲ್ಲಿ ಬಂದ ಆ ಮಷೀನಿನ ಬಹುಪಾಲು ಆಟಗಳ ಚಿತ್ರ ಸುಮಾರು 640 ಅಡ್ಡ, 448 ಉದ್ದ ಚುಕ್ಕೆಗಳದು. ಒಟ್ಟು 2.87 ಲಕ್ಷ ಚುಕ್ಕೆ ಆಯಿತು. 4ಕೆ ಪರದೆಯಲ್ಲಿ ಇರುವುದು 83 ಲಕ್ಷ. ಚಿತ್ರವನ್ನು ಅಗಲಕ್ಕೆ ಎಳೆದು ಪರದೆ ತುಂಬಿಸಿದರೆ ಒಂದೊಂದು ಚುಕ್ಕೆಯನ್ನೂ ಹೆಚ್ಚುಕಡಿಮೆ 29 ಮಾಡಿ ತೋರಿಸಬೇಕು. ಟಿವಿಯಾದರೂ ಏನು ಮಾಡೀತು? ಸಾಲದ್ದಕ್ಕೆ ಪಿಎಸ್2 ಸಾಮಾನ್ಯವಾಗಿ ಗೆರೆ ಬಿಟ್ಟು ಗೆರೆ ಕಳಿಸುತ್ತದೆ: ಒಮ್ಮೆ ಬೆಸ ಗೆರೆಗಳು, ಮರುಕ್ಷಣ ಸರಿ ಗೆರೆಗಳು. ಡಬ್ಬಾ ಟಿವಿ ಬಂದದ್ದನ್ನು ಬಂದ ಹಾಗೇ ಗಾಜಿನ ಮೇಲೆ ಬರೆದುಬಿಡುತ್ತದೆ. ಎಲ್‌ಇಡಿ ಟಿವಿ ಮಾತ್ರ ಎರಡನ್ನೂ ಕೂಡಿಸಿ, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಮಸುಕು ಬರುವುದೂ ಅಲ್ಲೇ, ತಡವಾಗುವುದೂ ಅಲ್ಲೇ.

ಈ ತಡ ಕೈಗೆ ತಿಳಿಯಬೇಕಾದರೆ ಕ್ರಿಕೆಟ್ 07 ಹಾಕಿ. ನಮ್ಮ ಕಡೆ ಇದನ್ನು ಆಡದ ಹುಡುಗರಿಲ್ಲ. ಡಬ್ಬಾ ಟಿವಿಯಲ್ಲಿ ಬೌಲರ್ ಕೈಯಿಂದ ಚೆಂಡು ಬಿಟ್ಟು, ಪಿಚ್ ಮೇಲೆ ಬಿದ್ದು, ಏಳುವ ಹೊತ್ತಿಗೆ ಬಟನ್ ಒತ್ತಿದರೆ ಕವರ್ ಡ್ರೈವ್ ನೆಟ್ಟಗೆ ಹೋಗುತ್ತದೆ. ಅದೇ ಹುಡುಗ, ಅದೇ ಕೈ. 32 ಇಂಚಿನದಕ್ಕೆ ಹಾಕಿದರೆ ಸ್ಲಿಪ್‌ಗೆ ಕ್ಯಾಚು. "ಕಂಟ್ರೋಲರ್ ಖರಾಬ್ ಆಗ್ಯದ ನೋಡ್ರಿ" ಎಂದು ತಂದು ಕೊಡುತ್ತಾರೆ. ಕಂಟ್ರೋಲರ್ ಸರಿಯಾಗೇ ಇರುತ್ತದೆ.

ಇದನ್ನು ಅಳೆಯಲು ಯಾವ ಯಂತ್ರವೂ ಬೇಕಿಲ್ಲ, ಫೋನಿನ ಸ್ಲೋ ಮೋಷನ್ ಸಾಕು. ಬಟನ್ ಮೇಲಿನ ಬೆರಳು, ಟಿವಿ ಪರದೆ ಎರಡೂ ಕಾಣುವ ಹಾಗೆ ಸೆಕೆಂಡಿಗೆ 240 ಫ್ರೇಮ್‌ನಲ್ಲಿ ವಿಡಿಯೋ ಹಿಡಿದು, ಬೆರಳು ಒತ್ತಿದ ಫ್ರೇಮ್‌ನಿಂದ ಬ್ಯಾಟು ಅಲುಗುವ ಫ್ರೇಮ್‌ವರೆಗೆ ಎಣಿಸಿ. ಒಂದು ಫ್ರೇಮ್ ಅಂದರೆ ನಾಲ್ಕು ಮಿಲಿ ಸೆಕೆಂಡಿಗೆ ಸ್ವಲ್ಪ ಹೆಚ್ಚು. ಆಟವೇ ತೆಗೆದುಕೊಳ್ಳುವ ತಡವೂ ಇದರಲ್ಲಿ ಸೇರಿರುತ್ತದೆ, ಹಾಗಾಗಿ ಒಟ್ಟು ಲೆಕ್ಕ ಬಿಟ್ಟು ಎರಡು ಸೆಟ್ಟಿಂಗ್ ನಡುವಿನ ವ್ಯತ್ಯಾಸವನ್ನಷ್ಟೇ ನೋಡಿ. ನನ್ನ 32 ಇಂಚಿನದರಲ್ಲಿ ಗೇಮ್ ಮೋಡ್ (ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡಿ ಬೇಗ ತೋರಿಸುವ ಟಿವಿ ಸೆಟ್ಟಿಂಗ್) ಬಂದ್ ಇದ್ದಾಗ ಹದಿನೈದು ಇಪ್ಪತ್ತು ಫ್ರೇಮ್ ಹೆಚ್ಚು ಬಂತು. ಎಂಬತ್ತು ಮಿಲಿ ಸೆಕೆಂಡ್ ಏನು ಮಹಾ ಅನ್ನಬೇಡಿ, ಸೆಕೆಂಡಿಗೆ 60 ಚಿತ್ರದ ಆಟದಲ್ಲಿ ಅದು ಹೆಚ್ಚುಕಡಿಮೆ ಐದು ಚಿತ್ರ. ಮನೆಯ ಟಿವಿಯಲ್ಲಿ ಬೇರೇನೂ ಮುಟ್ಟದಿದ್ದರೂ ಗೇಮ್ ಮೋಡ್ ಹಚ್ಚಿ, ಚಿತ್ರವನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗ್ ಬಂದ್ ಮಾಡಿ.

ಪಿಎಸ್2ಗೆ ಇನ್ನೊಂದು ಕೆಲಸವಿದೆ. ಜೊತೆಗೆ ಬರುವ ಹಳದಿ ಪಿನ್ನಿನ ವೈರಿನಲ್ಲಿ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ಕಲಸಿಹೋಗಿರುತ್ತವೆ. ಹತ್ತಿರ ಹೋಗಿ ನೋಡಿ, ಕೆಂಪು ಬಣ್ಣದ ಅಂಚು ಎಲ್ಲಿ ಬಂದರೂ ಸಣ್ಣ ಚುಕ್ಕೆಗಳು ಇರುವೆ ಸಾಲಿನಂತೆ ಹರಿದಾಡುತ್ತವೆ. ಹಸಿರು, ನೀಲಿ, ಕೆಂಪು ಮೂರು ಪಿನ್ನಿನ ಕಾಂಪೊನೆಂಟ್ ಕೇಬಲ್ ಹಾಕಿದರೆ ಆ ಹರಿದಾಟ ನಿಲ್ಲುತ್ತದೆ. ಆದರೆ ಮೊದಲು ಪಿಎಸ್2 ಮೆನುವಿನಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ಎಂಬುದನ್ನು ಆರ್‌ಜಿಬಿಯಿಂದ ವೈ-ಸಿಬಿ-ಸಿಆರ್‌ಗೆ ತನ್ನಿ, ಇಲ್ಲದಿದ್ದರೆ ಬಣ್ಣವೆಲ್ಲ ಅಡ್ಡಾದಿಡ್ಡಿ.

ಕ್ಯಾಸೆಟ್ ಗೇಮಿನ ಬಂದೂಕಿನ ಕತೆಯೂ ಇದೇ. ಬಾತುಕೋಳಿ ಹೊಡೆಯುವ ಆಟ ಎಲ್‌ಇಡಿ ಟಿವಿಯಲ್ಲಿ ನಡೆಯುವುದೇ ಇಲ್ಲ. ಬಂದೂಕಿನ ಕುದುರೆ ಎಳೆದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗಿ, ಹಕ್ಕಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಬಾಯಿಯಲ್ಲಿರುವ ಕಣ್ಣು ಆ ಬಿಳಿಯನ್ನು ಆ ಕ್ಷಣದಲ್ಲೇ ಕಾಣಬೇಕು. ತಡವಾಗಿ ತೋರಿಸುವ ಟಿವಿಯಲ್ಲಿ ಅದು ಕಾಣುವ ಹೊತ್ತಿಗೆ ಆಟ ಮುಂದೆ ಹೋಗಿರುತ್ತದೆ. ಅದಕ್ಕೇ ಡಬ್ಬಾ ಟಿವಿಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡೆ. ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಚಾಚಾ ಅದನ್ನು ಸರಿಮಾಡಿ ಕೊಡುವಾಗ ಹೇಳಿದರು: "ಇದರ ಪಿಕ್ಚರ್ ಟ್ಯೂಬ್ ಹೋಯ್ತಂದ್ರ ಮತ್ತ ಸಿಗಂಗಿಲ್ಲ ನೋಡಪ್ಪ, ಸಂಭಾಳಿಸ್ಕೊ." ನೀವೂ ಇಂಥದ್ದು ತಂದರೆ ಹಿಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಪಿಎಸ್3 ವಿಷಯದಲ್ಲಿ ತೊಂದರೆ ಬೇರೆ. ಅದರ ಹೆಚ್ಚಿನ ಆಟಗಳು 1280×720. ಎಚ್‌ಡಿ ರೆಡಿ ಟಿವಿಯ ಪರದೆ ಸಾಮಾನ್ಯವಾಗಿ 1366×768. ಎರಡೂ ಹತ್ತಿರ, ಆದರೆ ಸರಿಸಮ ಅಲ್ಲ. ಆ ಚೂರು ಅಂತರಕ್ಕಾಗಿ ಇಡೀ ಚಿತ್ರ ಹಿಗ್ಗಿ, ಅಕ್ಷರದ ಅಂಚೆಲ್ಲ ಕರಗಿದ ಹಾಗೆ ಕಾಣುತ್ತದೆ. ಅದರ ಮೇಲೆ ಎಷ್ಟೋ ಟಿವಿಗಳು ನಾಲ್ಕೂ ಕಡೆ ಸ್ವಲ್ಪ ಕತ್ತರಿಸಿಯೂ ಬಿಡುತ್ತವೆ. ಸ್ಕೋರು ಅರ್ಧ ಮಾಯವಾಗಿದ್ದರೆ ಇದೇ ಕಾರಣ. ಪಿಕ್ಚರ್ ಸೈಜಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಎಂದಿರುತ್ತದೆ, ಒಂದೊಂದು ಕಂಪನಿಯದು ಒಂದೊಂದು ಹೆಸರು. ಅದನ್ನು ಒತ್ತಿದರೆ ಕತ್ತರಿಸಿದ್ದು ವಾಪಸ್ ಬರುತ್ತದೆ.

4ಕೆ ಟಿವಿಗೆ ಪಿಎಸ್4 ಸ್ಲಿಮ್ ಹಾಕಿದರೆ ನಷ್ಟ ಎನ್ನುವವರಿದ್ದಾರೆ. ನನ್ನ ಕಣ್ಣಿಗೆ ಹಾಗೆ ಕಂಡಿಲ್ಲ. ಅದು ಕಳಿಸುವ 1920×1080 ಅನ್ನು ಎರಡೂ ದಿಕ್ಕಿಗೆ ಸರಿಯಾಗಿ ದುಪ್ಪಟ್ಟು ಮಾಡಿದರೆ 3840×2160 ಆಗುತ್ತದೆ, ಒಂದು ಚುಕ್ಕೆಗೆ ಪೂರಾ ನಾಲ್ಕು. 2022ರ ಕಾರು ರೇಸಿನ ಆಟ ಗ್ರ್ಯಾನ್ ಟ್ಯೂರಿಸ್ಮೊ 7 ಪಿಎಸ್4, ಪಿಎಸ್5 ಎರಡಕ್ಕೂ ಇದೆ. ಅದನ್ನೇ 43 ಇಂಚಿನದರಲ್ಲಿ ಎರಡೂ ಮಷೀನಿನಿಂದ ನೋಡಿದೆ. ರಸ್ತೆ ಬದಿಯ ಬೇಲಿಯ ತಂತಿ ದೂರ ಹೋದಂತೆ ಪಿಎಸ್4ರಲ್ಲಿ ಮಿನುಗಿ ಒಡೆಯುತ್ತದೆ, ಪಿಎಸ್5ರಲ್ಲಿ ಕೊನೆಯವರೆಗೂ ತಂತಿಯಾಗಿಯೇ ಇರುತ್ತದೆ. ಆದರೆ ಅದು ಐದು ಅಡಿ ದೂರದಿಂದ. 43 ಇಂಚಿನಲ್ಲಿ ಐದೂವರೆ ಅಡಿ ದಾಟಿದರೆ 1080ರ ಚುಕ್ಕೆಯನ್ನೇ ಸಾಮಾನ್ಯ ಕಣ್ಣು ಬೇರೆಬೇರೆಯಾಗಿ ಕಾಣಲಾರದು. 55 ಇಂಚಿಗೆ ಆ ಗಡಿ ಏಳು ಅಡಿ. ನಮ್ಮ ಮನೆಗಳಲ್ಲಿ ದಿವಾನ ಇರುವುದು ಎದುರು ಗೋಡೆಗೆ, ಹತ್ತಡಿ ಆಚೆ. ಅಲ್ಲಿ ಕುಳಿತು 4ಕೆ ಹುಡುಕುವುದು ದಂಡ.

ದೂರದಿಂದಲೂ ಕಾಣುವುದು ಕಪ್ಪು ಮತ್ತು ಬೆಳಕು. ರಾತ್ರಿಯ ರೇಸಿನಲ್ಲಿ ಕಾರಿನ ಟೈರು ಕತ್ತಲಲ್ಲಿ ಮುಳುಗಿಹೋದರೆ, ಇಲ್ಲವೇ ಕಪ್ಪೆಲ್ಲ ಬೂದಿ ಬಳಿದ ಹಾಗೆ ಕಂಡರೆ ಆರ್‌ಜಿಬಿ ರೇಂಜ್ ನೋಡಿ, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳ ಸೆಟ್ಟಿಂಗ್. ಲಿಮಿಟೆಡ್‌ನಲ್ಲಿ ಕಪ್ಪು 16ರಿಂದ ಶುರು, ಬಿಳಿ 235ಕ್ಕೆ ಮುಗಿಯುತ್ತದೆ. ಫುಲ್‌ನಲ್ಲಿ 0ಯಿಂದ 255. ಮಷೀನು ಒಂದು ಅಂದುಕೊಂಡು ಟಿವಿ ಇನ್ನೊಂದು ಅಂದುಕೊಂಡರೆ ಹೀಗಾಗುತ್ತದೆ. ಎರಡೂ ಕಡೆ ಒಂದೇ ಇಟ್ಟರೆ ಮುಗಿಯಿತು, ದುಡ್ಡಿಲ್ಲದ ರಿಪೇರಿ.

ಎಚ್‌ಡಿಆರ್ ಎಂದರೆ ಗಾಢ ಕಪ್ಪು, ಪ್ರಖರ ಬೆಳಕು ಎರಡನ್ನೂ ಒಟ್ಟಿಗೆ ತೋರಿಸುವ ತಂತ್ರ. ಅದರ ಬಗ್ಗೆ ನನ್ನ ಮಾತು ಕಟುವಾಗಿದೆ. ಡಬ್ಬಿಯ ಮೇಲೆ ಎಚ್‌ಡಿಆರ್ ಎಂದು ಅಚ್ಚು ಹಾಕಿದ ನನ್ನ 43 ಇಂಚಿನದು ಸಿಗ್ನಲ್ ಒಪ್ಪಿಕೊಳ್ಳುತ್ತದೆ, ತೋರಿಸುವಷ್ಟು ಬೆಳಕು ಅದರಲ್ಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಹಚ್ಚಿದರೆ ಚಿತ್ರ ಇನ್ನೂ ಮಂಕು, ಹಾಗಾಗಿ ಅಂಗಡಿಯಲ್ಲಿ ಬಂದ್ ಮಾಡಿಯೇ ಇಟ್ಟಿದ್ದೇನೆ. ಮಾವನ ಟಿವಿಯಲ್ಲಿ ಅದೇ ಪಿಎಸ್5ರಿಂದ ಎದುರಿನ ಕಾರಿನ ಹೆಡ್‌ಲೈಟ್ ಕಣ್ಣು ಕುಕ್ಕುತ್ತದೆ. ಅಲ್ಲೂ ಒಂದು ಷರತ್ತು: 4ಕೆಯಲ್ಲಿ 120 ಹರ್ಟ್ಸ್ ಬೇಕೆಂದರೆ ಹಿಂದಿರುವ ಪೋರ್ಟುಗಳಲ್ಲಿ ಎಚ್‌ಡಿಎಂಐ 2.1 ಇರುವುದಕ್ಕೇ ಚುಚ್ಚಬೇಕು, ಮಷೀನಿನ ಜೊತೆ ಬಂದ ಕೇಬಲ್ಲೋ ಅದೇ ದರ್ಜೆಯದ್ದೋ ಬಳಸಬೇಕು, ಟಿವಿ ಮೆನುವಿನಲ್ಲಿ ಆ ಪೋರ್ಟನ್ನು ತೆರೆಯಬೇಕಾಗಿಯೂ ಬರಬಹುದು.

ಟಿವಿ ಕೊಳ್ಳಲು ಕರೆದುಕೊಂಡು ಹೋಗುವ ಗೆಳೆಯರಿದ್ದಾರೆ. ಪಿಎಸ್4 ಸ್ಲಿಮ್ ಚೀಲದಲ್ಲಿಟ್ಟುಕೊಂಡೇ ಹೋಗುತ್ತೇನೆ. ಷೋರೂಮಿನ ಟಿವಿಗಳು ಡೆಮೊ ಮೋಡ್‌ನಲ್ಲಿ, ಬೆಳಕು ತುದಿಗೇರಿಸಿಕೊಂಡು ಕೂತಿರುತ್ತವೆ. ರಿಮೋಟ್ ಕೇಳಿ ಹೋಮ್ ಮೋಡ್‌ಗೆ ತಂದು, ಗೇಮ್ ಮೋಡ್ ಹಚ್ಚಿ, ರಾತ್ರಿ ರೇಸ್ ಹಾಕಿ ಟೈರು ಕಾಣುತ್ತದೆಯೇ ನೋಡುತ್ತೇನೆ. ಅಂಗಡಿಯವರು ಒಪ್ಪದಿದ್ದರೆ ಮುಂದಿನ ಅಂಗಡಿ.